ಹಸಿರು ಬೇಲಿಯೊಳಗಿನ ಕಲ್ಲು

ಮೊದಲ ದಿನ: ಮಡಚಿಟ್ಟ ಮನೆ

ತಂಗಿಯ ಗಂಡ ಮಲ್ಲೇಶ ಬಾಡಿಗೆಗೆ ತಂದು ಬೀದಿಯಲ್ಲಿ ನಿಲ್ಲಿಸಿದ ಗಾಡಿಯನ್ನು ನೋಡಿ ನಾನು ಕೇಳಿದ ಮೊದಲ ಮಾತು, "ಇದರಲ್ಲಿ ಈ ದೇಶದವರು ಕೋಳಿ ಸಾಗಿಸ್ತಾರಾ?" ಎಂದು. ಬಿಳಿ ಬಣ್ಣ, ಡಬ್ಬಿಯ ಆಕಾರ, ಪಕ್ಕಕ್ಕೆ ಮೂರು ಸಣ್ಣ ಕಿಟಕಿ. ಮಲ್ಲೇಶನಿಗೆ ಬೇಸರವಾಯಿತು. "ಒಳಗೆ ಬಂದು ನೋಡಿ, ಆಮೇಲೆ ಮಾತಾಡಿ ಕಣಕ್ಕ" ಎಂದ.

ಒಳಗೆ ಒಂದು ಸಂಸಾರವೇ ಮಡಚಿಕೊಂಡು ಕೂತಿತ್ತು. ಸೀಟು ಎಳೆದರೆ ಮಂಚ, ಮೇಜು ಇಳಿಸಿದರೆ ಇನ್ನೊಂದು ಮಂಚ, ಬೀರು ಅಂದುಕೊಂಡು ಬಾಗಿಲು ತೆಗೆದರೆ ಕಕ್ಕಸು. ಎರಡು ಉರಿಯ ಒಲೆ, ಅಕ್ಕಿ ಡಬ್ಬಿಯಷ್ಟು ಫ್ರಿಜ್ಜು. ತಂಗಿ ಶಾಂತಾ ಒಂದೊಂದನ್ನೂ ತೆಗೆದು ಮುಚ್ಚಿ ತೋರಿಸಿದಳು. ಅವಳು ವೇಲ್ಸಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಸೋಮವಾರಪೇಟೆ ಕಡೆಯ ಮಲ್ಲೇಶ ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ನಾನು ಕೊಡಗಿನಲ್ಲಿ, ಮೂರ್ನಾಡಿನ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬೇಸಿಗೆ ರಜೆಯಲ್ಲಿ, ಬದುಕಿನಲ್ಲಿ ಮೊದಲ ಸಲ ವಿಮಾನ ಹತ್ತಿ, ಇವರ ಮನೆಗೆ ಬಂದಿದ್ದೆ.

ನಾವು ಅಕ್ಕತಂಗಿ ಹುಟ್ಟಿ ಬೆಳೆದದ್ದು ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆ ಒಲೆ, ಐದು ಜನ. ನಾನು ಆ ಕೋಣೆಯ ಉದ್ದಗಲವನ್ನು ನೆನಪಿನಲ್ಲಿ ಇಟ್ಟುಕೊಂಡವಳು. ಈ ಗಾಡಿ ಉದ್ದದಲ್ಲಿ ಅದಕ್ಕಿಂತ ಎರಡೇ ಅಡಿ ಕಮ್ಮಿ. ಮೂರು ಬೆಡ್‌ರೂಮಿನ ಮನೆ ಇರುವವರು ರಜೆ ಸಿಕ್ಕಿತೆಂದು ಬಂದು ಇಂಥದ್ದರಲ್ಲಿ ಮೊಣಕೈ ತಗುಲಿಸಿಕೊಂಡು ಇರುವುದೇಕೆ ಎಂದು ಕೇಳಿದೆ.

"ಎಂತ ಮಾಡೋದು ಅಕ್ಕಾ, ದೊಡ್ಡ ಮನೇಲಿ ಹುಟ್ಟಿದೋರಿಗೆ ಇದು ಮಜಾ. ನಮಗಾದ್ರೆ ಬರೀ ಅಭ್ಯಾಸ," ಎಂದಳು ಶಾಂತಾ.

ಡ್ರೈವರ್ ಸೀಟಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಎತ್ತರ ಒಂಬತ್ತೂವರೆ ಅಡಿ, ಅಗಲ ಏಳೂಮುಕ್ಕಾಲು, ಕನ್ನಡಿಗಳು ಬೇರೆ. ನಾನು ಅದನ್ನು ಎರಡು ಸಲ ಓದಿದೆ. ಸಂಖ್ಯೆ ಕಂಡರೆ ಓದುವುದು ನನ್ನ ಚಾಳಿ.

ಎರಡನೆಯ ದಿನ: ಬೆರಳೆತ್ತುವ ಸೀಮೆ

ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಹೊರಟೆವು. ದೊಡ್ಡ ರಸ್ತೆ ಮುಗಿದು ಸಣ್ಣ ರಸ್ತೆ ಶುರುವಾದ ಮೇಲೆ ನನಗೆ ಊರು ನೆನಪಾಗತೊಡಗಿತು. ಎರಡೂ ಪಕ್ಕ ನಮ್ಮ ಕಡೆ ಬರೆ ಅನ್ನುವ ಕಡಿದಾದ ಮಣ್ಣಿನ ಗೋಡೆಯ ಹಾಗೆ ಎದ್ದು ನಿಂತ ದಿಬ್ಬ, ಅದರ ಮೇಲೆ ಬೇಲಿಗಿಡ, ಬೇಲಿಯ ತುಂಬ ಬಿಳಿ ಹೂವು. ಮುಂದಿನದು ಏನೂ ಕಾಣದ ತಿರುವು. ಮಾತಿನಲ್ಲೂ ನಮ್ಮ ಸಂತೆಯ ಹಾಗೆ: ಅಂಗಡಿಯವಳು ಪಕ್ಕದವಳ ಹತ್ತಿರ ಅವರ ವೆಲ್ಷ್ ಭಾಷೆಯಲ್ಲಿ ಮಾತಾಡುತ್ತ, ನಮ್ಮನ್ನು ಕಂಡ ಕೂಡಲೇ ಇಂಗ್ಲಿಷಿಗೆ ಹೊರಳಿ, ಚಿಲ್ಲರೆ ಕೊಟ್ಟು ಮತ್ತೆ ಅದಕ್ಕೇ ಮರಳಿದಳು.

ಮಲ್ಲೇಶ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತಿದ್ದ. ಮಡಿಕೇರಿ ಘಾಟಿಯಲ್ಲಿ ಓಡಾಡಿದವನಿಗೆ ಅದು ಮರ್ಯಾದೆ, ಹೊಡೆಯದವನು ಕೊಲೆಗಾರ. ಇಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತು, ಗಾಡಿಯ ಕಿಟಕಿ ತಟ್ಟಿ, ಮೆಲ್ಲಗೆ ಕೇಳಿದಳು: "ನಾನು ನಿಮಗೆ ಏನು ತಪ್ಪು ಮಾಡಿದೆ?" ಮಲ್ಲೇಶ ಐದು ನಿಮಿಷ ಕ್ಷಮೆ ಕೇಳಿದ. ಆಮೇಲಿನಿಂದ ತಿರುವು ಬಂದಾಗೆಲ್ಲ ಅವನ ಹೆಬ್ಬೆರಳು ಹಾರ್ನಿನ ಹತ್ತಿರ ಹೋಗಿ ಸುಮ್ಮನೆ ವಾಪಸ್ ಬರುತ್ತಿತ್ತು. ಪಕ್ಕದಲ್ಲಿ ಕೂತ ನಾನು ಅದನ್ನೇ ನೋಡುತ್ತಿದ್ದೆ.

ಹಾರ್ನಿಗೆ ಬದಲಾಗಿ ಇವರದು ಬೆರಳು. ಎದುರಿನಿಂದ ಬಂದವರು ಜಾಗ ನೋಡಿ ನಿಲ್ಲುತ್ತಾರೆ; ನೀವು ದಾಟುವಾಗ ಸ್ಟೇರಿಂಗ್ ಮೇಲಿನ ಕೈಯಿಂದ ಒಂದು ಬೆರಳನ್ನು ಮಾತ್ರ ಎತ್ತುತ್ತಾರೆ. ನಿಂತವನೂ ಎತ್ತುತ್ತಾನೆ, ದಾಟಿದವನೂ ಎತ್ತುತ್ತಾನೆ. ಮಲ್ಲೇಶನಿಗೆ ಇದು ಬಹಳ ಹಿಡಿಸಿ, ಒಂದು ಬೆರಳು ಸಾಲದೆಂದು ಪೂರ್ತಿ ಕೈಯೆತ್ತಿದ. ಒಬ್ಬ ಟ್ರ್ಯಾಕ್ಟರಿನವನಿಗಂತೂ ಎರಡೂ ಕೈ ಜೋಡಿಸಿದ.

"ಸ್ಟೇರಿಂಗ್ ಹಿಡ್ಕೊಳ್ಳಿ ಮಾರಾಯ್ರೇ. ನಮಸ್ಕಾರ ದೇವ್ರಿಗೆ ಮಾಡಿದ್ರೆ ಸಾಕು," ಎಂದು ಶಾಂತಾ ಹಿಂದಿನಿಂದ ಹೇಳಿದಳು.

ನಗುತ್ತಿದ್ದೆವು, ನಿಜ. ಆದರೆ ನನ್ನೊಳಗೆ ಒಂದು ಮುಜುಗರವೂ ಇತ್ತು. ಶನಿವಾರ ಬಂತೆಂದರೆ ನಮ್ಮ ಕೊಡಗಿನ ರಸ್ತೆಗಳಿಗೆ ಟೆಂಪೋ ಟ್ರಾವೆಲರ್‌ಗಳು, ಮಿನಿ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಫೋನಿನ ಮ್ಯಾಪು ನಂಬಿ ಎಸ್ಟೇಟ್ ದಾರಿಗೆ ನುಗ್ಗಿ ತಿರುವಿನಲ್ಲಿ ಅಡ್ಡಲಾಗಿ ನಿಂತುಬಿಡುತ್ತವೆ. ಅವುಗಳ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು ನಾನು ಎಷ್ಟು ಸಲ ಬೈದಿದ್ದೇನೆಂದು ನನ್ನ ಸ್ಕೂಲಿನ ಮಕ್ಕಳಿಗೆ ತಿಳಿಯದಿರುವುದು ಒಳ್ಳೆಯದು. ಈಗ ಆ ದೊಡ್ಡ ಗಾಡಿಯ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತವಳು ನಾನೇ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಐದು ಕಾರು ಕಾಯುತ್ತಿದ್ದವು, ಒಂದೂ ಸದ್ದು ಮಾಡುತ್ತಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಮೂರನೆಯ ದಿನ: ಓಣಿ

ತಂಗಬೇಕಾದ ಜಾಗಕ್ಕೆ ಎರಡು ಮೈಲಿ ಇತ್ತು. ಮ್ಯಾಪು ಎಡಕ್ಕೆ ತಿರುಗು ಎಂದಿತು. ತಿರುವಿನಲ್ಲಿ ಒಂದು ಫಲಕ, ಅದರಲ್ಲಿ ಲಾರಿಯ ಚಿತ್ರ, ಕೆಳಗೆ ಎರಡು ಭಾಷೆಯಲ್ಲಿ ಒಂದೇ ಮಾತು: ದೊಡ್ಡ ವಾಹನಗಳಿಗೆ ಈ ದಾರಿ ತಕ್ಕುದಲ್ಲ.

ಮಲ್ಲೇಶ ನಿಧಾನ ಮಾಡಿದ. "ಏನಕ್ಕಾ ಮಾಡೋದು?"

"ನಮ್ಮೂರಲ್ಲಿ ಇಂಥ ದಾರೀಲಿ ಬಸ್ಸೇ ಹೋಗ್ತದಲ್ಲ," ಎಂದೆ ನಾನು. ಅಗಲ ಓದಿಕೊಂಡಿದ್ದವಳು, ಲೆಕ್ಕ ಬರುವವಳು, ಹೋಗೋಣ ಎಂದವಳು ನಾನೇ. ಇದನ್ನು ಮಲ್ಲೇಶನ ಮೇಲೆ ಹಾಕಲಾರೆ.

ಅರ್ಧ ಮೈಲಿ ಹೋದ ಮೇಲೆ ಓಣಿ ನಮ್ಮನ್ನು ಎರಡು ಕಡೆಯಿಂದಲೂ ಸವರತೊಡಗಿತು. ಬೇಲಿಯ ಹೂವು ಕಿಟಕಿಯೊಳಗೆ ಉದುರಿತು. ಆಗ ಹಿಂದೆ ಒಂದು ಪುಟ್ಟ ನೀಲಿ ಕಾರು ಬಂತು. ಹಾರ್ನ್ ಇಲ್ಲ, ದೀಪ ಇಲ್ಲ. ಆದರೆ ಅದು ಹಿಂದೆಯೇ ಹತ್ತಿರ ಬಂದು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ಇಣುಕುತ್ತಿತ್ತು.

"ಏನೋ ಅರ್ಜೆಂಟಿರಬೇಕು ಕಣಕ್ಕ, ಪಾಪ. ಸೈಡ್ ಕೊಡೋಣ," ಎಂದ ಮಲ್ಲೇಶ.

ನಮ್ಮಲ್ಲಿ ಸೈಡ್ ಕೊಡುವುದು ಹೇಗೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಎಡಗಡೆಯ ಚಕ್ರಗಳನ್ನು ಡಾಂಬರಿನಿಂದ ಇಳಿಸಿ ಗಾಡಿಯನ್ನು ಬೇಲಿಯೊಳಗೆ ಒತ್ತುವುದು. ಲಂಟಾನ ಬಾಗುತ್ತದೆ, ಕೆಸುವಿನ ಎಲೆ ಮಲಗುತ್ತದೆ, ಮಣ್ಣು ಸ್ವಲ್ಪ ಕುಸಿಯುತ್ತದೆ, ಹಿಂದಿನವನು ಹೋಗುತ್ತಾನೆ. ಬೇಲಿ ಅಂದರೆ ನಮಗೆ ಜಾಗ ಬಿಡುವ ವಸ್ತು. ಮಲ್ಲೇಶ ಹಾಗೆಯೇ, ಒಳ್ಳೆಯ ಮನಸ್ಸಿನಿಂದ, ಎಡಕ್ಕೆ ಒತ್ತಿದ.

ಒಳಗಿದ್ದದ್ದು ಕಲ್ಲು.

ಈ ಸೀಮೆಯ ಬೇಲಿಗಳು ಮೊದಲು ಕಲ್ಲಿನ ಗೋಡೆಗಳು. ನೂರಾರು ವರ್ಷದಿಂದ ಅವುಗಳ ಮೇಲೆ ಮಣ್ಣು ಕೂತು, ಹುಲ್ಲು ಬಂದು, ಗಿಡ ಬೆಳೆದು, ಹೂವಾಗಿ, ಹೊರಗಿನವರಿಗೆ ಬರೀ ಹಸಿರು ಕಾಣುತ್ತದೆ. ಕನ್ನಡಿ ಒಡೆದ ಸದ್ದು ಮೊದಲು ಬಂತು. ಆಮೇಲೆ ಪಕ್ಕದ ಬಾಗಿಲಿನ ಕೆಳಗಿದ್ದ ಮೆಟ್ಟಿಲಿಗೆ ಏನೋ ಕಚ್ಚಿಕೊಂಡು ಗಾಡಿ ಗಕ್ಕನೆ ನಿಂತಿತು. ಒಳಗೆ ತಟ್ಟೆಗಳೆಲ್ಲ ಕೆಳಗೆ ಬಿದ್ದವು. ಬಲಗಡೆ ಉಳಿದ ಜಾಗದಲ್ಲಿ ಸೈಕಲ್ ಹೋಗಬಹುದಿತ್ತು, ಕಾರು ಹೋಗುತ್ತಿರಲಿಲ್ಲ. ನಾನೂ ಶಾಂತಾಳೂ ಮಲ್ಲೇಶನ ಕಡೆಯ ಬಾಗಿಲಿನಿಂದ ತೂರಿ ಇಳಿದೆವು.

ನೀಲಿ ಕಾರಿನಿಂದ ಇಳಿದದ್ದು ನರ್ಸಿನ ಉಡುಪಿನ ಒಬ್ಬ ಹೆಂಗಸು. ಅರವತ್ತರ ಹತ್ತಿರದವರು, ಒಂದು ಕಾಲು ಬಗ್ಗಿಸದೆ ನಡೆಯುತ್ತಿದ್ದರು. ನಾನು ಅವರನ್ನು ಮನಸ್ಸಿನಲ್ಲೇ ನರ್ಸಮ್ಮ ಎಂದು ಕರೆದೆ. ಅವರು ಬೈಯಲಿಲ್ಲ. "ಯಾರಿಗೂ ಪೆಟ್ಟಾಗಿಲ್ಲ ತಾನೆ?" ಎಂದು ಮೊದಲು ಕೇಳಿದರು. ಆಮೇಲೆ, "ನಾನು ಮುಂದಿನ ಮನೆಗೆ ಹೋಗಬೇಕು. ಒಬ್ಬರು ನನಗಾಗಿ ಕಾಯುತ್ತಿದ್ದಾರೆ," ಎಂದರು. ಯಾರು, ಏನು ಎಂದು ಹೇಳಲಿಲ್ಲ. ಹೇಳುವ ಹಾಗಿಲ್ಲವಂತೆ.

ನರ್ಸಮ್ಮನ ಕೈಯಲ್ಲಿದ್ದ ಪೆಟ್ಟಿಗೆಯನ್ನು ಶಾಂತಾ ನೋಡಿದಳು. ಅವಳ ಮುಖ ಬದಲಾಯಿತು. ನನ್ನ ತೋಳು ಹಿಡಿದು ಕನ್ನಡದಲ್ಲಿ ಹೇಳಿದಳು: "ಅಕ್ಕಾ, ಅದು ನೋವಿನ ಔಷಧಿ. ಇನ್ನು ವಾಸಿ ಆಗಲ್ಲ ಅನ್ನೋರಿಗೆ ಮನೇಲೇ ಕೊಡೋದು. ಮುಂಚಿಂದು ಇಳಿದಿರ್ತದೆ ಈಗ. ಅಲ್ಲಿ ಒಬ್ರು ಹಲ್ಲು ಕಚ್ಚಿಕೊಂಡು ಗಡಿಯಾರ ನೋಡ್ತಾ ಇರ್ತಾರೆ."

ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಅಮ್ಮ ಲೈನ್‌ಮನೆಯಲ್ಲಿ ಕೊನೆಯ ಎರಡು ತಿಂಗಳು ಎಸ್ಟೇಟ್ ಡಿಸ್ಪೆನ್ಸರಿಯ ಕಾಂಪೌಂಡರನ ಮೊಪೆಡ್ ಸದ್ದಿಗೆ ಕಿವಿ ಕೊಟ್ಟುಕೊಂಡು ಮಲಗಿದ್ದಳು. ಅವನು ತಡವಾಗಿ ಬಂದ ದಿನ ಅವಳು ಹಿಡಿದುಕೊಂಡಿದ್ದ ನನ್ನ ಮಣಿಕಟ್ಟಿನ ಮೇಲೆ ಉಗುರಿನ ಗುರುತು ಉಳಿಯುತ್ತಿತ್ತು.

ಹಿಂದಕ್ಕೆ

ಶಾಂತಾ, "ಪೆಟ್ಟಿಗೆ ಕೊಡಿ, ನಾನೂ ನರ್ಸೇ, ಓಡಿಕೊಂಡು ಹೋಗುತ್ತೇನೆ," ಎಂದಳು. ನರ್ಸಮ್ಮ ತಲೆಯಾಡಿಸಿದರು. ಆ ಔಷಧಿ ಅವರ ಕೈಬಿಟ್ಟು ಹೋಗುವ ಹಾಗಿಲ್ಲ. ಅವರೇ ನಡೆದರೆ ಆ ಮಂಡಿಯಲ್ಲಿ ಅರ್ಧ ಗಂಟೆ. ಮುಂದಕ್ಕೆ ಹೋಗೋಣವೆಂದರೆ, ಮುಂದೆ ಎರಡು ಹಳೆಯ ಕೊಟ್ಟಿಗೆಗಳ ಗೋಡೆಯ ನಡುವೆ ತಿರುವು. ನಮ್ಮ ಗಾಡಿ ಹಿಡಿಸುವುದಿಲ್ಲ. ಹಿಂದೆ ಒಂದು ಹೊಲದ ಗೇಟು ಇದೆ, ಅದರ ಮುಂದೆ ಟ್ರ್ಯಾಕ್ಟರ್ ನಿಲ್ಲುವಷ್ಟು ಜಾಗ ಇದೆ, ಅಲ್ಲಿಯವರೆಗೆ ಹಿಂದಕ್ಕೆ ಹೋಗಿ ಎಂದರು. ತಮ್ಮ ಕಾರನ್ನು ಸರ್ರನೆ ಹಿಂದಕ್ಕೆ ತೆಗೆದುಕೊಂಡು ಗೇಟನ್ನೂ ದಾಟಿ ನಿಲ್ಲಿಸಿದರು.

ಮಲ್ಲೇಶ ಸ್ಟೇರಿಂಗ್ ಹಿಡಿದು ಕೂತಿದ್ದ. ಎಡಗನ್ನಡಿ ಇಲ್ಲ. ಹಿಂದಿನ ಗಾಜಿಗೆ ಮಂಚ ಅಡ್ಡ. ನರ್ಸಮ್ಮ ದೂರದಿಂದ ಕೈಬೀಸಿ ದಾರಿ ತೋರಿಸುತ್ತಿದ್ದರು. ಅವನಿಗೆ ಕಾಣುತ್ತಿದ್ದದ್ದು ಬಲಗಡೆಯ ಬೇಲಿ ಮಾತ್ರ.

"ಅಕ್ಕಾ, ನಂಗೆ ಏನೂ ಕಾಣ್ತಿಲ್ಲ. ನೀವು ಹಿಂದೆ ಹೋಗಿ ತಟ್ಟಿ," ಎಂದ.

ನಮ್ಮ ಅಪ್ಪ ಇಪ್ಪತ್ತೆಂಟು ವರ್ಷ ಎಸ್ಟೇಟ್ ಲಾರಿಯ ಕ್ಲೀನರ್ ಆಗಿದ್ದ. ಡ್ರೈವರ್ ಆಗಲು ಓದಿರಬೇಕಿತ್ತು, ಅವನು ಓದಿರಲಿಲ್ಲ. ನಾನು ಬಿ.ಎಸ್ಸಿ.ಗೆ ಸೇರುವಾಗ, ನಮ್ಮ ಲೈನಿನಿಂದ ಕಾಲೇಜಿಗೆ ಹೋದ ಮೊದಲನೆಯವಳೆಂಬ ಜಂಬದಲ್ಲಿ, ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಡ್ರೈವರ್ ಎಂದು ಬರೆದೆ. ಬಿ.ಎಡ್.ಗೂ ಹಾಗೆಯೇ ಬರೆದೆ. ಕ್ಲೀನರ್ ಎಂದರೆ ಗಾಡಿ ತೊಳೆಯುವವನೆಂದು ಓದಿದವರು ತಿಳಿದುಕೊಳ್ಳುತ್ತಾರೆ. ನಿಜವಾದ ಕೆಲಸ ಗಾಡಿಯ ಹಿಂದೆ. ಕಾಫಿ ಮೂಟೆ ಹೇರಿದ ಲಾರಿ ಗದ್ದೆಯ ಏರಿಯ ಮೇಲೆ ಹಿಮ್ಮುಖ ಬರುವಾಗ ಡ್ರೈವರನಿಗೆ ಕಣ್ಣಿಲ್ಲ. ಕ್ಲೀನರ್ ತಗಡಿಗೆ ತಟ್ಟುವ ಸದ್ದೇ ಕಣ್ಣು. ಬಿಡದೆ ಮೆಲ್ಲಗೆ ತಟ್ಟುತ್ತಿದ್ದರೆ ಬರಬಹುದು. ಯಾವ ಮೂಲೆಗೆ ತಟ್ಟಿದರೆ ಆ ಕಡೆ ಜಾಗ ಕಮ್ಮಿ. ಒಂದೇ ಒಂದು ಜೋರು ಪೆಟ್ಟು ಬಿದ್ದರೆ, ಅಲ್ಲೇ ನಿಲ್ಲಬೇಕು. ಕಾಫಿ ಕೊಯ್ಯುವ ಪಿಕಿಂಗ್ ಕಾಲದಲ್ಲಿ ಸ್ಕೂಲು ಬಿಟ್ಟ ಮೇಲೆ ಅಪ್ಪನ ಜೊತೆ ಹಿಂದೆ ನಿಂತು ನಾನೂ ತಟ್ಟಿದ್ದೇನೆ. ಏಲಕ್ಕಿ ಸಾಗಿಸುವ ಪಿಕಪ್ಪು ಓಡಿಸಿ ಬೆಳೆದ ಮಲ್ಲೇಶನಿಗೆ ಇದು ನನ್ನಷ್ಟೇ ಗೊತ್ತಿತ್ತು.

ಬಲಗಡೆಯ ಸಂದಿಯಲ್ಲಿ ನುಸುಳಿ ಹಿಂದೆ ಹೋಗಿ, ಹಿಂದುಮುಂದಾಗಿ ನಡೆಯುತ್ತ ತಟ್ಟತೊಡಗಿದೆ. ಲಾರಿಯ ತಗಡು ಡಬಡಬ ಅನ್ನುತ್ತಿತ್ತು. ಇದು ಖಾಲಿ ಸೂಟ್‌ಕೇಸಿನ ಹಾಗೆ ಬೊಳ್ ಅಂದಿತು. ಕಚ್ಚಿಕೊಂಡಿದ್ದ ಮೆಟ್ಟಿಲು ಕಿರ್ರೆಂದು ಕಲ್ಲಿನಿಂದ ಬಿಡಿಸಿಕೊಂಡಿತು. ಮಲ್ಲೇಶ ನಿಲ್ಲಿಸಲಿಲ್ಲ, ಯಾಕೆಂದರೆ ನಾನು ನಿಲ್ಲಿಸಲಿಲ್ಲ.

ನರ್ಸಮ್ಮ ಕಾರಿನಿಂದ ಇಳಿದು ಕುಂಟುತ್ತ ಬಂದರು. "ಆಕೆ ಯಾಕೆ ಗಾಡಿಗೆ ಹೊಡೆಯುತ್ತಿದ್ದಾಳೆ? ಸಿಟ್ಟು ಮಾಡಿಕೊಳ್ಳಬೇಡಿ ಅಂತ ಹೇಳಿ," ಎಂದು ಶಾಂತಾಳಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಹೊಡೀತಿಲ್ಲ, ಮಾತಾಡ್ತಿದ್ದಾಳೆ," ಎಂದಳು ಶಾಂತಾ.

ನೂರ ಎಂಬತ್ತು ಹೆಜ್ಜೆ. ನಡುವೆ ಎರಡು ಸಲ ಜೋರು ಪೆಟ್ಟು ಹಾಕಬೇಕಾಯಿತು. ಎರಡು ಸಲವೂ ಗಾಡಿ ಕಲ್ಲಿಗೆ ನಾಲ್ಕು ಬೆರಳು ಇರುವಾಗ ನಿಂತಿತು. ಅಂಗೈ ಉರಿಯುತ್ತಿತ್ತು. ಗೇಟಿನ ಜಾಗದೊಳಕ್ಕೆ ಬಾಲ ತೂರಿಸಿ, ಮೂತಿಯನ್ನು ಬೇಲಿಗೆ ಒರಗಿಸಿದಾಗ ಓಣಿ ತೆರೆಯಿತು. ನರ್ಸಮ್ಮನ ಕಾರು ನಮ್ಮನ್ನು ದಾಟಿತು. ದಾಟುವಾಗ ಅವರು ಬೆರಳು ಎತ್ತಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲಿತ್ತು, ಕಣ್ಣು ಮುಂದಿತ್ತು.

ಅವರು ನಮ್ಮ ಹಿಂದೆ ಕಾರು ನಿಲ್ಲಿಸಿದಾಗಿನಿಂದ ದಾಟುವವರೆಗೆ ಹದಿನೇಳು ನಿಮಿಷ.

ಗೇಟಿನ ಹತ್ತಿರ

ನಾವು ಅಲ್ಲೇ ಇದ್ದೆವು. ಹಿಂದಕ್ಕೆ ಇನ್ನೂ ಅರ್ಧ ಮೈಲಿ ತಟ್ಟಿಕೊಂಡು ಹೋಗಲು ಮಲ್ಲೇಶನಿಗೂ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ಶಾಂತಾ ಒಡೆದ ಕನ್ನಡಿಯ ಚೂರು ಆರಿಸಿದಳು. ಊರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹನ್ನೆರಡು ಜನ ಸೇರಿ, ಆರು ಜನ ಸ್ಟೇರಿಂಗ್ ಹೇಗೆ ತಿರುಗಿಸಬೇಕೆಂದು ಹೇಳಿ, ಒಬ್ಬರಾದರೂ ಯಾವೂರು, ಯಾರ ಮನೆಯವರು ಎಂದು ವಿಚಾರಿಸಿರುತ್ತಿದ್ದರು. ಇಲ್ಲಿ ಗೇಟಿನ ಆಚೆ ಕುರಿಗಳು ಮಾತ್ರ ಬಂದು ನೋಡಿ ಹೋದವು.

"ಹದಿನೇಳು ನಿಮಿಷ," ಎಂದೆ.

"ಅದನ್ನ ಹೇಳ್ತಾ ಕೂರ್ಬೇಡ ಅಕ್ಕಾ," ಎಂದಳು ಶಾಂತಾ.

ಮಲ್ಲೇಶ ಇಳಿದು ಹೋಗಿ ಬೇಲಿಯ ಎಲೆಗಳನ್ನು ಸರಿಸಿ ಒಳಗಿನ ಕಲ್ಲನ್ನು ಮುಟ್ಟಿ ನೋಡಿದ. "ನಾನು ಸೈಡ್ ಕೊಡೋಕೆ ಹೋದೆ ಕಣಕ್ಕ. ಸುಮ್ನೆ ಹೋಗಿದ್ರೂ..." ಎಂದು ಅಲ್ಲಿಗೇ ನಿಲ್ಲಿಸಿದ.

ಮುಕ್ಕಾಲು ಗಂಟೆ ಕಳೆದ ಮೇಲೆ ಹೊಲದ ಆ ತುದಿಯಿಂದ ಒಬ್ಬ ಗಂಡಸು ನಾಯಿಯ ಜೊತೆ ನಡೆದು ಬಂದ. ರಬ್ಬರ್ ಬೂಟು, ಎರಡು ದಿನ ಗಡ್ಡ ಹೆರೆಯದ ಮುಖ. ಅವನು ಔಷಧಿಗೆ ಕಾದ ಮನೆಯವನೆಂದು ನಮಗೆ ನೋಡಿದ ಕೂಡಲೇ ತಿಳಿಯಿತು. ಮಲ್ಲೇಶ ಎದ್ದು ನಿಂತ. ಸಾರಿ ಎಂದು ಶುರು ಮಾಡಿದ.

ಅವನು ಮಲ್ಲೇಶನನ್ನು ದಾಟಿ ಗಾಡಿಯ ಎಡಮೈ ನೋಡಿದ. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಗೀರು. "ನಮ್ಮ ಅಜ್ಜ ಕಟ್ಟಿದ ಗೋಡೆ. ಕ್ಷಮಿಸಿ," ಎಂದ.

ಬಯ್ಯುತ್ತಾನೆಂದು ನಾವು ತಯಾರಾಗಿದ್ದೆವು. ನಾನೇ ಕೇಳಿದೆ: "ಅವರು ಹೇಗಿದ್ದಾರೆ?"

"ಈಗ ಪರವಾಗಿಲ್ಲ. ಮುಂಚೆ ಚೆನ್ನಾಗಿರಲಿಲ್ಲ," ಎಂದ. ಸುಳ್ಳು ಹೇಳಿ ನಮ್ಮನ್ನು ಸಮಾಧಾನ ಮಾಡಲಿಲ್ಲ, ಅದಕ್ಕೆ ನಾನು ಅವನನ್ನು ಗೌರವಿಸುತ್ತೇನೆ. ಜೇಬಿನಿಂದ ಬೀಗದ ಕೈ ತೆಗೆದು ಗೇಟಿನ ಸರಪಳಿ ಬಿಚ್ಚಿದ. "ಹೊಲ ಒಣಗಿದೆ. ಇದರ ಮೇಲೇ ಬನ್ನಿ, ನಮ್ಮ ಅಂಗಳದಲ್ಲಿ ತಿರುಗಿಸಿಕೊಳ್ಳಬಹುದು. ಆಮೇಲೆ ಮೂತಿ ಮುಂದಾಗಿ ಬಂದ ದಾರಿಯಲ್ಲೇ ವಾಪಸ್." ಎರಡು ಹೆಜ್ಜೆ ಹೋಗಿ ತಿರುಗಿದ. "ಅವಳಿಗೆ ಇದನ್ನು ನೋಡಬೇಕಂತೆ. ನನ್ನ ಹೆಂಡತಿಗೆ. ಇಂಥದ್ದರಲ್ಲಿ ಒಂದು ಸಲ ಹೋಗೋಣ ಅಂತ ಬಹಳ ವರ್ಷದಿಂದ ಮಾತಾಡಿಕೊಂಡಿದ್ದೆವು. ಕುರಿ ಬಿಟ್ಟು ಬರಲು ಯಾವ ವರ್ಷವೂ ಆಗಲಿಲ್ಲ."

ಅಂಗಳ

ಅದು ಕಲ್ಲು ಹಾಸಿದ ದೊಡ್ಡ ಅಂಗಳ. ಮಹಡಿಯ ಮೇಲೆ ಒಂದು ಕಿಟಕಿ, ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡ ಮಂಚ. ದಿಂಬಿಗೆ ಒರಗಿದ ಒಂದು ಸಣ್ಣ ಮುಖ ಕಾಣುತ್ತಿತ್ತು. ತಲೆಗೆ ಉಣ್ಣೆಯ ಟೋಪಿ. ಐವತ್ತು ದಾಟಿರಲಾರರು. ಒಳಗೆ ನರ್ಸಮ್ಮ ಓಡಾಡುತ್ತಿದ್ದರು.

ಮಲ್ಲೇಶ ತಿರುಗಿಸಿಕೊಂಡು ಹೊರಡುವ ಅವಸರದಲ್ಲಿದ್ದ. "ಇರಿ," ಎಂದಳು ಶಾಂತಾ. "ಈ ಕಡೆ ಗೀರು. ಆ ಕಡೆ ತಿರುಗಿಸಿ, ಕಿಟಕಿಗಳೆಲ್ಲ ಅವರಿಗೆ ಕಾಣ್ಬೇಕು."

ಗಾಡಿಯ ಒಳ್ಳೆಯ ಮೈ ಮಹಡಿಯ ಕಡೆಗಾಯಿತು. ಶಾಂತಾ ಒಳಗೆ ಹೋಗಿ ಒಂದೊಂದಾಗಿ ತೆರೆದಳು: ಮೂರು ಕಿಟಕಿ, ಮೇಲಿನ ಗಾಜಿನ ಮುಚ್ಚಳ. ಹಗಲಿದ್ದರೂ ದೀಪ ಹಾಕಿದಳು. ಸೀಟು ಎಳೆದು ಮಂಚ ಮಾಡಿ, ಅದರ ಮೇಲೆ ಮಲಗಿ ಎದ್ದು ತೋರಿಸಿದಳು. ಮೇಜು ಬಿಚ್ಚಿದಳು, ಮಡಚಿದಳು. ಮಲ್ಲೇಶ ಹೊರಗಿನ ಬಟ್ಟೆಯ ಚಪ್ಪರ ಎಳೆದು ಅದರ ಕೆಳಗೆ ಎರಡು ಕುರ್ಚಿ ಹಾಕಿ, ಒಂದರಲ್ಲಿ ಸಮುದ್ರ ನೋಡುವವನ ಹಾಗೆ ಕಾಲಿನ ಮೇಲೆ ಕಾಲು ಹಾಕಿ ಕೂತ. ಎದುರಿಗೆ ಗೊಬ್ಬರದ ಗುಂಡಿ ಇತ್ತು. ಮೇಲಿನ ಮುಖ ನಗುತ್ತಿರುವುದು ಗಾಜಿನಾಚೆಯಿಂದಲೂ ತಿಳಿಯಿತು. ಕಕ್ಕಸಿನ ಬಾಗಿಲು ತೆಗೆದು ಶಾಂತಾ ಎರಡೂ ಕೈ ಚಾಚಿ ತೋರಿಸಿದಾಗ, ಹಿಂದಿನಿಂದ ನರ್ಸಮ್ಮನೂ ಬಂದು ಇಣುಕಿದರು.

ನಾನು ಒಲೆ ಹಚ್ಚಿದೆ. ಊರಿನಿಂದ ತಂದಿದ್ದ ಕಾಫಿ ಪುಡಿ ಇತ್ತು. ನೀರು ಕುದಿಸಿ, ಪುಡಿ ಹಾಕಿ, ಒಂದು ತುಂಡು ಬೆಲ್ಲ ಹಾಕಿ ಕಪ್ಪಿಗೆ ಸೋಸಿದೆ. ವಾಸನೆ ಅಂಗಳ ತುಂಬಿತು. ಅದನ್ನು ಆ ಮನುಷ್ಯನ ಕೈಗೆ ಕೊಟ್ಟೆ.

ಅವನು ಮೇ‌ಲೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬರಿಗೈಯಲ್ಲಿ ಇಳಿದು ಬಂದ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

"ಕುಡಿಯಲು ಅವಳಿಗೆ ಆಗುವುದಿಲ್ಲ. ಮೂಗಿನ ಹತ್ತಿರ ಹಿಡಿದುಕೊಂಡಿದ್ದಾಳೆ. ಬಿಡುತ್ತಿಲ್ಲ. ನಿಮ್ಮ ಕಪ್ಪು..."

"ಇರ್ಲಿ ಬಿಡಿ ಸಾರ್," ಎಂದ ಮಲ್ಲೇಶ, ಕನ್ನಡದಲ್ಲೇ. ಆ ಮನುಷ್ಯನಿಗೆ ಅರ್ಥವಾಯಿತು.

ಚಪ್ಪರ ಸುತ್ತಿದೆವು, ಕಿಟಕಿ ಮುಚ್ಚಿದೆವು. ಹೊರಡುವಾಗ ನಾನು ಕತ್ತೆತ್ತಿ ನೋಡಿದೆ. ಮೇಲಿನ ಗಾಜಿನ ಮೇಲೆ ಅಂಗೈಯಷ್ಟು ಹಬೆ ಕೂತಿತ್ತು. ಅದರ ಹಿಂದೆ ಮುಖ ಕಾಣಲಿಲ್ಲ. ಕಪ್ಪು ಹಿಡಿದ ಎರಡು ಕೈಗಳು ಮಾತ್ರ ಕಂಡವು, ನಡುಗದೆ.